ಹೊರಗಿನವರ ಆಣೆ

ಅಕ್ಕಾರು ಕಪ್ಪಗಿದ್ದರು. ಕಪ್ಪು ಅಂದರೆ ಬಬಲೇಶ್ವರದ ಕಡೆಯ ಎರೆಹೊಲ ಮೊದಲ ಮಳೆಗೆ ನೆಂದಾಗ ಇರುತ್ತದಲ್ಲ, ಆ ಕಪ್ಪು. ತಲೆಯ ಮೇಲೆ ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲು. ದೂರದಿಂದ ನೋಡಿದರೆ ಎರೆಹೊಲದಲ್ಲಿ ಹತ್ತಿ ಒಡೆದು ನಿಂತ ಹಾಗೆ ಕಾಣುತ್ತಿದ್ದರು. ವಿಜಯಪುರದ ನನ್ನ ಮನೆಯ ಮಹಡಿಯನ್ನು ಬಾಡಿಗೆಗೆ ಕೇಳಲು ಅವರು ಬಂದ ದಿನ, ಅಡುಗೆಮನೆಯೊಳಗೆ ನನ್ನ ಹೆಂಡತಿ ಪಿಸುಗುಟ್ಟಿದ್ದು ಪಡಸಾಲೆಯವರೆಗೂ ಕೇಳಿಸಿತು.

"ಯವ್ವಾ, ಎಷ್ಟ ಕರ್ರಗ ಅದಾರ್ರೀ!"

ನಾನು ಕೆಮ್ಮಿದೆ. ಕೆಮ್ಮಿನಿಂದ ಮುಚ್ಚುವಂಥ ಮಾತಲ್ಲ ಅದು. ಅವರು ಅಡುಗೆಮನೆಯ ಕಡೆ ತಿರುಗಿ, "ಹೌದ್ರೀ ತಂಗೆವ್ವಾ. ತೊಳದ್ರ ಹೋಗೂದಿಲ್ಲ. ಆದ್ರ ನಿಮ್ಮ ಗ್ವಾಡಿಗೆ ಹತ್ತೂದಿಲ್ಲ, ಖಾತ್ರಿ ಕೊಡ್ತೀನಿ" ಅಂದರು.

ಆಮೇಲೆ ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತ ಚಹಾ ಹಿಡಿದು ಹೊರಗೆ ಬಂದಳು. ಕೊನೆಯವರೆಗೂ ಅವರಿಬ್ಬರ ನಡುವೆ ಬೆರಳು ತೂರಿಸಲು ನನಗೆ ಜಾಗ ಸಿಗಲಿಲ್ಲ.

ಅವರು ಇಲ್ಲಿನ ಕಾನೂನು ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದಿದ್ದರು. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕಾರು ಅನ್ನುವುದು ರೂಢಿ. ನಾವೂ ಹಾಗೇ ಅಂದೆವು. ನಾನು ಬಿಜ್ಜರಗಿಯಲ್ಲಿ ಆಡು ಕಾಯ್ದು, ಎತ್ತಿನ ಸಂತೆಯಲ್ಲಿ ದಲ್ಲಾಳಿ ಮಾಡಿ, ಒಣದ್ರಾಕ್ಷಿಯ ಪೆಟ್ಟಿಗೆ ಹೊತ್ತು, ಕಡೆಗೆ ದ್ರಾಕ್ಷಿ ಒಣಗಿಸುವ ಸ್ವಂತ ಶೆಡ್ ಹಾಕಿದವನು. ಚೌಕಾಶಿ ಅಂದರೆ ನನಗೆ ಊಟಕ್ಕಿಂತ ಹೆಚ್ಚು. ಬಾಡಿಗೆಯನ್ನು ಬೇಕೆಂದೇ ಏರಿಸಿ ಹೇಳಿದೆ, ಇಳಿಸಲು ಕೇಳಲಿ ಎಂದು.

"ಇದೇ ಓಣ್ಯಾಗ ಇಂಥಾ ಮನಿಗೆ ಬ್ಯಾರೆಯವರ ಕಡೆ ಏನು ತಗೋತಾರ, ಅದನ್ನ ನಾನೂ ಕೊಡ್ತೀನಿ" ಅಂದರು ಅವರು.

"ನೀವು ಕಲಿಸೂ ಮಂದಿ. ಒಂದೀಟು ಕಡಿಮಿ ಮಾಡ್ತೀನಿ ಬಿಡ್ರಿ."

"ಬ್ಯಾಡ್ರಿ ಸಾವ್ಕಾರ್ರ. ಕಡಿಮಿ ಮಾಡಿದ್ರ ನೀವು ದೊಡ್ಡವರಾಗ್ತೀರಿ, ನಾ ಸಣ್ಣಾಕಿ ಆಗ್ತೀನಿ. ಎಲ್ಲಾರಿಗೂ ಇದ್ದದ್ದು ನನಗೂ ಇರ್ಲಿ, ಸಾಕು."

ಮನೆ ಬಾಡಿಗೆಗೆ ಕೊಡುವವರಿಗೆ ನನ್ನ ಒಂದು ಸಲಹೆ: ರಿಯಾಯಿತಿ ಬೇಡ ಅನ್ನುವ ಬಾಡಿಗೆದಾರರು ಸಿಕ್ಕರೆ ಕಣ್ಣು ಮುಚ್ಚಿ ಕೀಲಿ ಕೊಟ್ಟುಬಿಡಿ. ಅಂಥವರು ನಿಮ್ಮ ಮನೆಯ ಒಂದು ಮೊಳೆಯನ್ನೂ ಕೀಳುವುದಿಲ್ಲ. ಆದರೆ ನಿಮ್ಮ ತಲೆಯೊಳಗೆ ಹೊಡೆದ ಎಷ್ಟೋ ಮೊಳೆಗಳನ್ನು ಕಿತ್ತುಹಾಕುತ್ತಾರೆ. ಅದಕ್ಕೆ ತಯಾರಿರಬೇಕು.

ಅವರ ತಾಯಿತಂದೆ ಬಬಲೇಶ್ವರದ ಹತ್ತಿರದ ಜೈನಾಪುರದವರು. ಮದುವೆಯಾದ ವರ್ಷವೇ ಗೋವಾಕ್ಕೆ ದುಡಿಯಲು ಹೋದರು. ಅಕ್ಕಾರು ಹುಟ್ಟಿ ಬೆಳೆದದ್ದು ಅಲ್ಲಿನ ಬಂದರಿನ ಪಕ್ಕದ ತಗಡಿನ ಗುಡಿಸಲಿನಲ್ಲಿ. ಘಟ್ಟದ ಮೇಲಿನಿಂದ ಬಂದವರನ್ನು ಅಲ್ಲಿ ಘಾಟಿ ಅನ್ನುತ್ತಾರೆ. ಆ ಶಬ್ದವನ್ನು ಹೇಗೆ ಉಗುಳುತ್ತಾರೆಂಬುದನ್ನು ಅವರು ಒಮ್ಮೆ ಮಾಡಿ ತೋರಿಸಿದ್ದರು. ಕೇಳಿಯೇ ನನಗೆ ಮುಖ ಒರೆಸಿಕೊಳ್ಳುವ ಹಾಗಾಯಿತು. ಅಲ್ಲಿಯೇ ಓದಿ, ಕಾನೂನು ಕಲಿತು, ಅವರು ಆರಿಸಿಕೊಂಡ ವಿಷಯ ಒಂದೇ: ಊರು ಬಿಟ್ಟು ಬಂದವರ ಹಕ್ಕು. ಮೈಬಣ್ಣ ನೋಡಿ, ಮೂಗು ನೋಡಿ, ಮಾತು ಕೇಳಿ ಮನುಷ್ಯನನ್ನು ಬೇರೆ ಸಾಲಿನಲ್ಲಿ ನಿಲ್ಲಿಸುವುದಕ್ಕೆ ಯಾವ ದೇಶದ ಕಾನೂನು ಏನು ಹೇಳುತ್ತದೆ, ಎಲ್ಲಿ ಕಣ್ಣು ಮುಚ್ಚಿಕೊಳ್ಳುತ್ತದೆ ಎಂದು ಮೂವತ್ತು ವರ್ಷ ಬರೆದರು. ಆ ವಿಷಯದ ಮೇಲೆ ಮಾತನಾಡಲು ಒಮ್ಮೆ ಪರದೇಶಕ್ಕೆ ಕರೆಸಿದ್ದರಂತೆ. ವಿಮಾನ ನಿಲ್ದಾಣದಲ್ಲಿ ಎಲ್ಲರನ್ನೂ ಬಿಟ್ಟು ಇವರೊಬ್ಬರನ್ನೇ ಪಕ್ಕಕ್ಕೆ ನಿಲ್ಲಿಸಿದರು.

"ಯಾವ ವಿಷಯದ ಮ್ಯಾಲೆ ಭಾಷಣ ಮಾಡಾಕ ಬಂದೀರಿ ಅಂತ ಕೇಳಿದ್ರು. ಇದರ ಮ್ಯಾಲೇ ಅಂದೆ."

ಇದನ್ನು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಹೆಂಡತಿ ಮಾತ್ರ ನಗದೆ, "ಪಾಪ, ಎಷ್ಟು ಅಂಜಿದ್ರೇನೋ" ಅಂದಳು. ಅಕ್ಕಾರ ನಗು ನಿಂತಿತು. ಅವರ ಮುಂದೆ ಆಡಬಾರದ ಮಾತೆಂದರೆ ಅದೊಂದೇ, ಪಾಪ ಅನ್ನುವುದು. "ಪಾಪ ಅಂದಕೂಡ್ಲೆ ಮಂದಿಗೆ ತಮ್ಮ ಕೆಲಸ ಮುಗೀತು ಅನಸ್ತದ, ತಂಗೆವ್ವಾ. ಬ್ಯಾರೆ ಏನರೆ ಅನ್ರಿ. ಬೈರಿ ಬೇಕಾದ್ರ."

ಮುಂಜಾನೆ ನಾನು ಮಾರುಕಟ್ಟೆಗೆ ಹೊರಡುವ ಮೊದಲು ಜಿನೆಯ ಮೆಟ್ಟಿಲ ಮೇಲೆ ಕುಳಿತು ಚಹಾ ಕುಡಿಯುವುದು ವಾಡಿಕೆ. ಅವರು ಮೇಲಿನ ಮೆಟ್ಟಿಲಲ್ಲಿ ಕುಳಿತು ತಾವು ಬರೆದ ಪುಟ ಓದುವರು. ಇಂಗ್ಲಿಷಿನಲ್ಲಿ ಆಗಲೇ ಬಂದಿದ್ದ ತಮ್ಮ ಪುಸ್ತಕವನ್ನು ಕನ್ನಡದಲ್ಲಿ ಹೊಸದಾಗಿ ಬರೆಯುತ್ತಿದ್ದರು.

"ತಿಳೀತೇನ್ರಿ ಸಾವ್ಕಾರ್ರ?"

"ಇಲ್ರಿ."

"ಒಟ್ಟs ಇಲ್ಲೋ, ಅರ್ಧಾ ಇಲ್ಲೋ?"

"ನೀವು ಸಿಟ್ಟಾಗೀರಿ ಅನ್ನೂದು ತಿಳೀತು. ಯಾಕ ಅನ್ನೂದು ತಿಳೀಲಿಲ್ಲ."

ಕೆಂಪು ಪೆನ್ಸಿಲ್ಲಿನಿಂದ ಪುಟದ ತುಂಬ ಗೀಟು ಎಳೆದು ಎದ್ದು ಹೋಗುವರು. ಮರುದಿನ ಅದೇ ಮಾತು ರೊಟ್ಟಿ ಬಡಿದ ಹಾಗೆ ತೆಳ್ಳಗಾಗಿ ಬರುತ್ತಿತ್ತು. ಒಂದು ಪುಟ ನನಗೆ ಇವತ್ತಿಗೂ ನೆನಪಿದೆ. ಸಂವಿಧಾನದಲ್ಲಿ ಕೆಲವು ಹಕ್ಕು ನಾಗರಿಕರಿಗೆ ಎಂದಿದೆ. ಆದರೆ ಜೀವದ ರಕ್ಷಣೆ, ಕಾನೂನಿನ ಮುಂದೆ ಸಮ ಎಂಬ ಮಾತು ಬಂದಾಗ ಯಾವುದೇ ವ್ಯಕ್ತಿಗೆ ಎಂದಿದೆ. ಎಲ್ಲಿಂದ ಬಂದೆ ಎಂದು ಕೇಳುವ ಮೊದಲೇ ಅದು ಸಿಕ್ಕಿರುತ್ತದೆ. "ಅದನ್ನ ಬರದವರು ಬಾಗಲದಾಗ ನಿಂತು ಹೆಸರು ಕೇಳ್ಲಿಲ್ಲ, ನೋಡ್ರಿ" ಅಂದಿದ್ದರು. ಅದು ಒಂದೇ ಸಲಕ್ಕೆ ತಿಳಿಯಿತು.

ತಿಳಿಯುವುದು ಬೇರೆ, ಬೇಕಾಗುವುದು ಬೇರೆ. ನನಗೆ ಬೇಕಾದದ್ದು ಒಂದು ಫೆಬ್ರುವರಿಯಲ್ಲಿ.

ನನ್ನ ಶೆಡ್ಡುಗಳು ತಿಕೋಟಾದ ಕಡೆ ಒಂದು ಹಳ್ಳಿಯ ಅಂಚಿನಲ್ಲಿವೆ. ಊರಿನ ಹೆಸರು ಬೇಡ. ಅಲ್ಲಿಯವರು ನನ್ನ ಜೊತೆ ಈಗಲೂ ವ್ಯವಹಾರ ಮಾಡುತ್ತಾರೆ. ಸುಗ್ಗಿಗೆ ಜಾರ್ಖಂಡಿನಿಂದ ಕೂಲಿಯವರು ಬರುತ್ತಿದ್ದರು. ಗುಂಪಿಗೆ ಹಿರಿಯ ಸೋಮ್ರಾ ಎಂಬವನು. ಅವನ ಹೆಂಡತಿ ಬುಧನಿ. ಹಸಿ ದ್ರಾಕ್ಷಿಯನ್ನು ಬಲೆಯ ಅಟ್ಟಣಿಗೆಯ ಮೇಲೆ ಹರವುವುದರಲ್ಲಿ ಬುಧನಿಯ ಕೈಗೆ ಸರಿಸಾಟಿ ನಮ್ಮ ಕಡೆ ಯಾರೂ ಇರಲಿಲ್ಲ. ಆ ವರ್ಷ ಆಕೆಗೆ ದಿನ ತುಂಬುತ್ತ ಬಂದಿತ್ತು. ಸರಕಾರಿ ದವಾಖಾನೆಯಲ್ಲಿ ಹೆಸರು ಹಚ್ಚಿಸಿದ್ದಳು.

ಆ ಊರಲ್ಲಿ ಒಬ್ಬರ ಕೊಳವೆಬಾವಿಯ ತಾಮ್ರದ ಕೇಬಲ್ ಕಳುವಾಯಿತು. ಅಲ್ಲಿನ ಪದ್ಧತಿ ಏನೆಂದರೆ, ಕಳವಾದರೆ ಪೊಲೀಸರ ಕಡೆ ಹೋಗುವುದಿಲ್ಲ. ಬೀರಪ್ಪನ ಗುಡಿಯಲ್ಲಿ ಮನೆಗೊಬ್ಬರಂತೆ ಬಂದು ಭಂಡಾರ, ಅಂದರೆ ದೇವರ ಅರಿಷಿಣದ ಪುಡಿ, ಮುಟ್ಟಿ ಆಣೆ ಮಾಡಬೇಕು. ಸುಳ್ಳು ಆಣೆ ಮಾಡಿದವನ ಮನೆ ಉಳಿಯುವುದಿಲ್ಲ ಎಂದು ನಂಬಿಕೆ. ಊರಿಗೆ ಊರೇ ಬಂದು ಮುಟ್ಟಿತು. ಜಾರ್ಖಂಡಿನವರನ್ನು ಯಾರೂ ಕರೆಯಲಿಲ್ಲ. ಕರೆಯದವರು ಬರಲಿಲ್ಲ. ಊರವರೆಲ್ಲ ಆಣೆ ಮಾಡಿದ ಮೇಲೆ ಉಳಿದವರೇ ಕಳ್ಳರು ಎಂದು ಹಿರಿಯರು ತೀರ್ಮಾನ ಮಾಡಿದರು. ಮರುದಿನ ಹೊತ್ತು ಮುಳುಗುವುದರೊಳಗೆ ಊರು ಬಿಡಬೇಕು.

ಸೋಮ್ರಾ ನನಗೆ ಫೋನ್ ಮಾಡಿದ. ಹೆಂಡತಿಗೆ ಗಾಡಿಯಲ್ಲಿ ಎರಡು ದಿನ ಕೂಡುವ ತ್ರಾಣವಿಲ್ಲ, ದಾರಿಯಲ್ಲೇ ಏನಾದರೂ ಆದರೆ ಏನು ಮಾಡಲಿ ಎಂದು ಕೇಳಿದ. ಹೊರಗಿನಿಂದ ಬಂದವರು ಕಳ್ಳರೆಂದು ಒಂದು ಊರು ಹೇಳಿದರೆ ಮುಂದಿನ ಊರು ಕೆಲಸ ಕೊಡುವುದಿಲ್ಲ ಎನ್ನುವುದೂ ಅವನಿಗೆ ಗೊತ್ತಿತ್ತು. ನನ್ನ ಮಾಲು ಅಟ್ಟಣಿಗೆಯ ಮೇಲಿತ್ತು, ಅದನ್ನೂ ಹೇಳಿಬಿಡುತ್ತೇನೆ. ಮೆಟ್ಟಿಲು ಹತ್ತಿ ಅಕ್ಕಾರ ಮುಂದೆ ನಿಂತೆ.

"ಒಂದು ನೋಟೀಸು ಬರದು ಕೊಡ್ರಿ. ಗಟ್ಟಿ ಇಂಗ್ಲಿಷಿನ್ಯಾಗ. ಓದಾಕ ಬರಬಾರದು, ನೋಡಿದ್ರ ಅಂಜಬೇಕು."

"ಅಂಜಿದ ಮಂದಿ ಆಕೀನ ದವಾಖಾನಿಗೆ ಕರಕೊಂಡು ಹೋಗ್ತಾರೇನ್ರಿ?" ಅಂದರು. ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.

ತಿಕೋಟಾ ದಾಟುವವರೆಗೂ ನಾನು ಸಲಹೆ ಕೊಡುತ್ತ ಹೋದೆ: ಅಲ್ಲಿ ಕಾನೂನು ಎತ್ತಬೇಡಿ, ಮೊದಲು ಚಹಾ ಕುಡಿಯಿರಿ, ಊರ ಗೌಡರನ್ನು ಸ್ವಲ್ಪ ಹೊಗಳಿರಿ. ಅವರು ಕಿಟಕಿಯಾಚೆ ದ್ರಾಕ್ಷಿ ತೋಟ ನೋಡುತ್ತ, "ಚಹಾ ಕುಡಿಯೂದು ಒಪ್ಪಿಗಿ ಐತಿ" ಅಂದರು.

ಗುಡಿಯ ಕಟ್ಟೆಯ ಮೇಲೆ ಹಿರಿಯರು ಕುಳಿತಿದ್ದರು. ಸೋಮ್ರಾನ ಗುಂಪು ಎದುರಿನ ಬೇವಿನ ಗಿಡದ ಕೆಳಗೆ ಗಂಟುಮೂಟೆ ಕಟ್ಟಿಕೊಂಡು ನಿಂತಿತ್ತು. ಬುಧನಿ ಒಂದು ಗಂಟಿನ ಮೇಲೆ ಕುಳಿತಿದ್ದಳು. ಅಕ್ಕಾರು ಸೀದಾ ಹೋಗಿ ಗೌಡರ ಎದುರು ನಿಂತರು.

"ಇವರು ಕದ್ದಿದ್ದು ಯಾರು ಕಂಡಾರ್ರಿ ಗೌಡ್ರ?"

"ಕಾಣೂದ್ಯಾಕ್ರಿ? ಊರಾಗಿನವ್ರು ಎಲ್ಲಾರೂ ಭಂಡಾರ ಮುಟ್ಟ್ಯಾರ. ಉಳದವ್ರು ಯಾರು? ಇವ್ರು. ಇನ್ನೇನ್ ಸಾಕ್ಷಿ ಬೇಕ್ರಿ?"

"ಇವರನ್ನೂ ಕರೀಬೇಕಿತ್ತಲ್ರಿ."

"ಇವ್ರನ್ಯಾಕ ಕರಿಯೂದ್ರಿ? ಇವ್ರ ದೇವ್ರ ಬ್ಯಾರೆ, ಮಾತ ಬ್ಯಾರೆ. ಇವ್ರ ಆಣಿ ಇಲ್ಲಿ ನಡ್ಯಾಂಗಿಲ್ಲ."

"ಅಂದ್ರ ಬಾಗಲಾ ನೀವ ಹಾಕ್ಕೊಂಡ್ರಿ. ಒಳಗ್ಯಾಕ ಬರ್ಲಿಲ್ಲ ಅಂತ ಅವರನ್ನ ಕೇಳಾಕತ್ತೀರಿ."

ಹಿಂದೆ ನಿಂತಿದ್ದ ಒಬ್ಬ ತರುಣ ಬಾಯಿ ಹಾಕಿದ. "ಅವ್ರ ಮಾರಿ ನೋಡಿದ್ರ ತಿಳ್ಯಾಂಗಿಲ್ಲೇನ್ರಿ? ಕರ್ರಗ, ಕಳ್ಳರ ಮಾರಿ."

ಅಕ್ಕಾರು ಅವನ ಹತ್ತಿರ ಹೋದರು. ಬಿಸಿಲಿಗೆ ಮುಖ ಒಡ್ಡಿ ನಿಂತು, "ನನ್ನ ಮಾರಿ ನೋಡಪಾ. ನೆಟ್ಟಗ ನೋಡು. ನಾ ಏನ ಕದ್ದೀನಿ ಅನಸ್ತದ?" ಅಂದರು.

ಹೆಂಗಸರ ಕಡೆಯಿಂದ ಒಂದು ಮುದುಕಿ, "ನೋಡಲೇ, ಈಗ ನೋಡು! ನಿಮ್ಮವ್ವ ಏನ ಬೆಳ್ಳಗದಾಳೇನ?" ಅಂದಳು. ನಗು ಎದ್ದಿತು. ತರುಣ ಜನರ ಹಿಂದಕ್ಕೆ ಸರಿದ. ಆದರೆ ಗೌಡರು ನಗಲಿಲ್ಲ. ನಕ್ಕಮಾತ್ರಕ್ಕೆ ತೀರ್ಮಾನ ಬದಲಾಗುವುದಿಲ್ಲ ಎನ್ನುವುದು ಇಂಥ ಕಟ್ಟೆಗಳ ಮೇಲೆ ವಯಸ್ಸು ಕಳೆದ ನನಗೂ ಗೊತ್ತಿತ್ತು. ಅಕ್ಕಾರ ಕಿವಿಯಲ್ಲಿ ಮೆಲ್ಲಗೆ ಹೇಳಿದೆ: "ಅಕ್ಕಾರ, ಸುಗ್ಗಿ ಮುಗಿಯೂತನ ಇರ್ಲಿ ಅಂತ ಕೈ ಮುಗದು ಕೇಳೂನು. ಬಸುರಿ ಹೆಂಗಸು ಅಂತ ಬಿಡ್ತಾರ."

"ಕಳ್ಳರ ಅಂತ ಹೆಸರು ಹೊತ್ಕೊಂಡು ಇರೂದಕ್ಕ ಕೈ ಮುಗೀಬೇಕೇನ್ರಿ?" ಅಂದವರೇ ಗುಡಿಯ ಪೂಜಾರಿಯ ಕಡೆ ತಿರುಗಿದರು. ಕಂಬಳಿ ಹೊದ್ದ ವಯಸ್ಸಾದ ಮನುಷ್ಯ. ಅಲ್ಲಿಯವರೆಗೆ ಒಂದು ಮಾತನ್ನೂ ಆಡಿರಲಿಲ್ಲ.

"ಪೂಜಾರ್ರ, ಕುರಿ ಅದಾವೇನ್ರಿ ನಿಮ್ಮವು?"

"ಅದಾವಬೇ ಯವ್ವಾ."

"ಬ್ಯಾಸಗ್ಯಾಗ ಎಲ್ಲಿಗೆ ಹೊಡಕೊಂಡು ಹೋಗ್ತೀರಿ?"

"ಕೃಷ್ಣಾ ಹೊಳಿ ದಂಡಿಗೆ. ಒಮ್ಮೊಮ್ಮೆ ಸಾಂಗ್ಲಿ ಕಡೆ."

"ಆ ಕಡೆ ಊರಾಗ ಯಾರದರೆ ಕೋಳಿ ಕಳೀತಂದ್ರ ಮೊದಲ ಯಾರನ್ನ ಹಿಡೀತಾರ್ರಿ?"

ಪೂಜಾರಿ ಗೌಡರನ್ನು ನೋಡಿದ. ಗೌಡರು ನೆಲ ನೋಡಿದರು.

"ನಮ್ಮನ್ನs ಹಿಡೀತಾರು."

"ನೀವೇನ್ ಮಾಡ್ತೀರಿ?"

"ಬೀರಪ್ಪನ ಆಣಿ ಮಾಡ್ತೀವಿ."

"ಅವರು ನಂಬ್ತಾರೇನು?"

ಆತ ಹೆಗಲ ಕಂಬಳಿ ಸರಿಮಾಡಿಕೊಂಡ. ಆಮೇಲೆ, "ನಮ್ಮಪ್ಪನ್ನ ಒಮ್ಮೆ ಗಿಡಕ್ಕ ಕಟ್ಟಿದ್ರಬೇ. ಬೀರಪ್ಪನ ಆಣಿ ಅಂತ ಒದರಿದ. ನಿಮ್ಮ ಬೀರಪ್ಪ ಯಾರಿಗೆ ಗೊತ್ತೋ ಅಂದ್ರು" ಅಂದ.

ಎದ್ದು ಗುಡಿಯೊಳಗೆ ಹೋಗಿ ಭಂಡಾರದ ಬಟ್ಟಲು ತಂದು, ಕಟ್ಟೆ ಇಳಿದು, ಬೇವಿನ ಗಿಡದ ಕಡೆ ನಡೆದ. ಯಾರೂ ತಡೆಯಲಿಲ್ಲ. ಅಕ್ಕಾರು ಮಾತ್ರ ಅವನಿಗಿಂತ ಮುಂದೆ ಹೋಗಿ ಸೋಮ್ರಾನಿಗೆ ಹಿಂದಿಯಲ್ಲಿ ಹೇಳಿದರು: ಇದು ಇವರ ಪದ್ಧತಿ, ನಿನಗೆ ಮನಸ್ಸಿದ್ದರೆ ಮಾಡು, ಇಲ್ಲದಿದ್ದರೆ ಬೇಡ, ಮಾಡದಿದ್ದರೂ ನಾನು ಇಲ್ಲಿಂದ ಕದಲುವುದಿಲ್ಲ.

ಸೋಮ್ರಾ ಯೋಚಿಸಿದ. ಮುಟ್ಟುತ್ತೇನೆ, ನನ್ನವರೆಲ್ಲ ಮುಟ್ಟುತ್ತಾರೆ, ಆದರೆ ಎಲ್ಲರೂ ಮುಟ್ಟಬೇಕೆಂದರೆ ನಮ್ಮ ಸಾವ್ಕಾರನೂ ಮುಟ್ಟಲಿ, ಅವನನ್ನೂ ಯಾರೂ ಕರೆದಿಲ್ಲ ಅಂದ. ಅಕ್ಕಾರು ಅದನ್ನು ಕನ್ನಡದಲ್ಲಿ ಹೇಳುವಾಗ ಅವರ ಧ್ವನಿಯಲ್ಲಿದ್ದ ಸಂತೋಷ ನನಗೆ ಈಗಲೂ ಕೇಳಿಸುತ್ತದೆ.

"ನಾ ಯಾಕ್ರಿ? ನಾ ಯಾಕ ಕೇಬಲ್ ಕದೀಲಿ?" ಅಂದೆ.

"ಅವರ್ಯಾಕ ಕದೀಬೇಕಿತ್ರಿ? ಮುಟ್ರಿ ಸಾವ್ಕಾರ್ರ," ಎಂದರು ಗೌಡರು. ಈ ಸಲ ಅವರೂ ನಕ್ಕರು. ಬಿಜ್ಜರಗಿಯವನಾದ ನಾನು ಇಡೀ ಊರಿನ ಎದುರು ಭಂಡಾರ ಮುಟ್ಟಿದೆ. ಹಣೆಗೂ ಹಚ್ಚಿದರು. ಬುಧನಿ ಗಂಟಿನ ಮೇಲಿಂದ ಏಳದೆಯೇ ಕೈ ಚಾಚಿದಳು. ಪೂಜಾರಿ ಬಗ್ಗಿ ಬಟ್ಟಲು ಹಿಡಿದ. ಗಂಟುಮೂಟೆಗಳು ಮತ್ತೆ ಶೆಡ್ಡಿಗೆ ಹೋದವು. ಕೇಬಲ್ ಕದ್ದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಬುಧನಿಗೆ ಮುಂದೆ ಹೆಣ್ಣು ಹುಟ್ಟಿತು. ದವಾಖಾನೆಗೆ ಕರೆದುಕೊಂಡು ಹೋದದ್ದು ಗೌಡರ ಜೀಪು.

ತಿರುಗಿ ಬರುವಾಗ ನಾನು ಗೆದ್ದ ಹುಮ್ಮಸ್ಸಿನಲ್ಲಿದ್ದೆ. ಅಕ್ಕಾರ ಮುಖದಲ್ಲಿ ನಗುವಿರಲಿಲ್ಲ. ಕಳ್ಳಕವಟಗಿ ಕ್ರಾಸ್ ದಾಟಿದ ಮೇಲೆ ತಾವಾಗಿಯೇ ಹೇಳಿದರು. ಗೋವಾದಲ್ಲಿ ಅವರ ತಾಯಿ ಪಾತ್ರೆ ತಿಕ್ಕುತ್ತಿದ್ದ ಮನೆಯಲ್ಲಿ ಒಂದು ಸರ ಕಾಣೆಯಾಯಿತಂತೆ. ಅಲ್ಲಿನ ದೇವರ ಮುಂದೆ ತೆಂಗಿನಕಾಯಿ ಮುಟ್ಟಿ ಪ್ರಮಾಣ ಮಾಡುತ್ತೇನೆ ಎಂದು ತಾಯಿ ಬೇಡಿಕೊಂಡರು. ಘಾಟಿಯ ಪ್ರಮಾಣ ನಮ್ಮ ದೇವರಿಗೆ ನಡೆಯುವುದಿಲ್ಲ ಅಂದರು ಆ ಮನೆಯವರು. ಆ ಮಾತಾಡುವಾಗ ಅಕ್ಕಾರು ತಾಯಿಯ ಸೆರಗು ಹಿಡಿದು ನಿಂತಿದ್ದರು.

"ಆಮ್ಯಾಲೆ ಸರ ಸಿಕ್ತೇನ್ರಿ?" ಎಂದೆ.

"ಎಲ್ಲಾರೂ ಇದನ್ನ ಕೇಳ್ತಾರ, ಸಾವ್ಕಾರ್ರ. ಸರ ಸಿಗಲಿ, ಬಿಡಲಿ. ನಮ್ಮವ್ವನ ಮಾತು ಮಾತಲ್ಲ ಅಂದ್ರಲ್ಲ, ಕಳವಾದದ್ದು ಅದು."

ಸ್ವಲ್ಪ ದೂರ ಹೋದ ಮೇಲೆ ನಾನು, ಇವತ್ತು ನಾವು ಗೆದ್ದೆವಲ್ಲ, ಇನ್ನಾದರೂ ನಗಿ ಅಂದೆ.

"ಇವತ್ತು ಪೂಜಾರಿ ಇದ್ದರು. ಒಳ್ಳೆ ಮನುಷ್ಯಾ. ಅವರು ಕುರಿ ಹೊಡಕೊಂಡು ಹೋಗಿದ್ರ? ಅವರ ಜಾಗಾದಾಗ ಬ್ಯಾರೆಯವರು ಕುಂತಿದ್ರ? ಒಳ್ಳೇವರು ಸಿಕ್ಕಾಗಷ್ಟs ಸಿಗೂದಕ್ಕ ಹಕ್ಕು ಅನ್ನೂದಿಲ್ರಿ. ಒಳ್ಳೇವರು ಇಲ್ಲದ ದಿನಾನೂ ಅದು ನಡೀಬೇಕು. ಅದಕ್ಕs ನಾ ಬರೀತೀನಿ."

ಮನೆಗೆ ಬಂದು ಕೈಕಾಲು ತೊಳೆದು ಬರೆಯಲು ಕುಳಿತರು. ಆ ದಿನದ ಬಗೆಗಿನ ಅಧ್ಯಾಯವನ್ನು ಮೆಟ್ಟಿಲ ಮೇಲೆ ಓದಿದಾಗ ತಿಳಿಯಲಿಲ್ಲ ಅನ್ನುವ ಒಂದು ಸಾಲೂ ಇರಲಿಲ್ಲ. ಊರಿನ ಹೆಸರು ಹಾಕಿರಲಿಲ್ಲ. ಪೂಜಾರಿಯ ತಂದೆಯನ್ನು ಗಿಡಕ್ಕೆ ಕಟ್ಟಿದ ಊರಿನ ಹೆಸರನ್ನೂ ಹಾಕಿರಲಿಲ್ಲ. "ಯಾವ ಊರು ಅಂತ ಬರದ್ರ ಉಳದ ಊರವರು ಆರಾಮ ಮಲಗ್ತಾರ" ಅಂದರು.

ಏಳು ವರ್ಷದ ಮೇಲೆ ಪುಸ್ತಕ ಅಚ್ಚಾಗುವ ಹೊತ್ತಿಗೆ ಕಾಯಿಲೆ ಅವರನ್ನು ಹಿಡಿದಿತ್ತು. ನೋಡಲು ಬಂದವರ ಬಾಯಲ್ಲಿ ಪಾಪ ಎಂಬ ಆ ನಿಷಿದ್ಧ ಮಾತು ಬರದಂತೆ ನನ್ನ ಹೆಂಡತಿ ಬಾಗಿಲಲ್ಲೇ ಎಚ್ಚರಿಸಿ ಒಳಗೆ ಬಿಡುತ್ತಿದ್ದಳು. ಆಸ್ಪತ್ರೆಯ ಹಾಸಿಗೆಯಲ್ಲೂ ಅವರು ಕರಡು ತಿದ್ದಿದರು. ಪಕ್ಕದ ಹಾಸಿಗೆಯ ನೇಪಾಳಿ ಕಾವಲುಗಾರನ ಹೆಂಡತಿಯನ್ನು ಹೊರಗಿನವಳೆಂದು ನರ್ಸು ಕಾಯಿಸಿದಾಗ, ಕೂರಲು ಆಗದವರು ಎದ್ದು ಕೂತು ಜಗಳ ತೆಗೆದರು. ಎರಡು ವರ್ಷದ ಹಿಂದೆ, ಪುಸ್ತಕದ ಪ್ರತಿ ಕೈಗೆ ಬಂದ ವಾರದಲ್ಲಿ ಹೋದರು. ಮಹಡಿಯನ್ನು ನಾನು ಇನ್ನೂ ಬಾಡಿಗೆಗೆ ಕೊಟ್ಟಿಲ್ಲ. ವ್ಯಾಪಾರದ ದೃಷ್ಟಿಯಿಂದ ಇದು ತಪ್ಪು, ನೀವು ಹೀಗೆ ಮಾಡಬೇಡಿ.

ಈ ಸಲದ ಸುಗ್ಗಿಗೆ ಮೊದಲು ನಾನು ವಕೀಲರೊಬ್ಬರನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ಕರಾರು ಬರೆಸಿದೆ. ಕೂಲಿಯವರ ಗುರುತಿನ ಚೀಟಿ ಅವರ ಕೈಯಲ್ಲೇ ಇರಬೇಕು. ಊರವರಿಗೂ ಅವರಿಗೂ ಒಂದೇ ಕೂಲಿ. ದೂರು ಬಂದರೆ ಅವರ ಮಾತು ಕೇಳದೆ ತೆಗೆಯುವಂತಿಲ್ಲ. ಕನ್ನಡದಲ್ಲೊಂದು ಪ್ರತಿ, ಹಿಂದಿಯಲ್ಲೊಂದು. ನನ್ನ ಮಗನಿಗೆ ಇದು ಹಿಡಿಸಲಿಲ್ಲ.

"ಯಪ್ಪಾ, ನೀ ಹೆಂಗೂ ಇದನ್ನೆಲ್ಲಾ ಮಾಡಾಕತ್ತಿ. ಬರದ್ಯಾಕ ಕೊಡಬೇಕು? ನಿನ್ನ ಮಾತ ಸಾಕಾಗೂದಿಲ್ಲೇನ?"

"ನನ್ನ ಮನಸ್ಸು ನೆಟ್ಟಗಿದ್ದಾಗs ಬರಸೂದು ಚಲೋ. ನಾಳೆ ದರ ಬಿತ್ತಂದ್ರ ನಾ ಹೆಂಗಿರ್ತೀನೋ ಯಾರಿಗ್ಗೊತ್ತು? ನೀ ಹೆಂಗಿರ್ತೀಯೋ?" ಅಂದೆ. ಅವನು ಸಹಿ ಮಾಡಿದ.

ಸೋಮ್ರಾ ಹೆಬ್ಬೆಟ್ಟು ಒತ್ತಲು ಕೈ ಮುಂದೆ ಮಾಡಿದ್ದ. ಬುಧನಿ ಅವನ ಮಣಿಕಟ್ಟು ಹಿಡಿದು ಹಿಂದಕ್ಕೆಳೆದಳು. ಇಷ್ಟು ಸುಗ್ಗಿಗಳಲ್ಲಿ ಆಕೆಗೆ ನಮ್ಮ ಮಾತು ಬಂದಿದೆ, ತನ್ನದೇ ಧಾಟಿಯಲ್ಲಿ.

"ಸಾವ್ಕಾರ್, ಸರ್ಹುಲ್ ಬರದಿಲ್ಲ ಇದ್ರಾಗ. ನಮ್ಮ ಹಬ್ಬಾ. ರಜಾ ಬೇಕು."

"ಕೊಡ್ತೀನಲ್ಲವಾ ಪ್ರತಿ ವರ್ಷ."

"ಕೊಡ್ತೀರಿ. ಬರೀರಿ."

"ಆತು. ಒಂದು ದಿನ."

"ಎರಡು."

ಅಟ್ಟಣಿಗೆಗೆ ದ್ರಾಕ್ಷಿ ಬರುವ ಹೊತ್ತಿಗೇ ಆ ಹಬ್ಬ. ಒಂದೊಂದು ದಿನಕ್ಕೂ ಬೆಲೆ ಇದೆ. ಎತ್ತಿನ ಸಂತೆಯಲ್ಲಿ ಕಲಿತ ವಿದ್ಯೆಯನ್ನೆಲ್ಲ ಹೊರತೆಗೆದೆ: ಒಂದೂವರೆ ಅಂದೆ, ಸಿಹಿ ಊಟ ಹಾಕಿಸುತ್ತೇನೆ ಅಂದೆ, ವಕೀಲರ ಕಡೆ ನೋಡಿ ತಲೆ ಅಲ್ಲಾಡಿಸಿದೆ. ಬುಧನಿ ಗಂಡನ ಮಣಿಕಟ್ಟು ಬಿಡಲಿಲ್ಲ. ಕೈ ಮುಗಿಯಲಿಲ್ಲ, ಮುಖ ಸಣ್ಣದು ಮಾಡಲಿಲ್ಲ, ನನ್ನ ಕಣ್ಣಲ್ಲಿ ಕಣ್ಣಿಟ್ಟು ಸುಮ್ಮನೆ ನಿಂತಳು.

"ಎರಡು ಅಂತ ಬರೀರಿ ವಕೀಲ್ರ" ಅಂದೆ.

ಅವರು ಎರಡೂ ಪ್ರತಿಯಲ್ಲಿ ಬರೆದರು. ಬುಧನಿ ಈಗ ಶಾಲೆಗೆ ಹೋಗುವ ಮಗಳನ್ನು ಕರೆದು, ಹಿಂದಿ ಪ್ರತಿಯ ಆ ಸಾಲಿನ ಮೇಲೆ ಬೆರಳಿಟ್ಟು ಓದಿಸಿ, ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ ಗಂಡನ ಕೈ ಬಿಟ್ಟಳು.